ಹುರುಳಿ ಹಾಸಿದ ದಾರಿಯಲ್ಲಿ ಗೌರಿಯ ಕಾರು

ನಮ್ಮ ಮನೆ ಮುಂದೆ ಆ ಕಾರು ಬಂದು ನಿಂತ ದಿನ ನಮ್ಮೂರು ಹರವೆಯ ಗಂಡಸರಿಗೆ ಬೇರೆ ಕೆಲಸವೇ ಇರಲಿಲ್ಲವೇನೋ. ಒಬ್ಬ ಚಕ್ರ ಒದ್ದು ನೋಡಿದ. ಇನ್ನೊಬ್ಬ ಕುಕ್ಕರುಗಾಲಲ್ಲಿ ಕೂತು ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಗೇಣು ಹಾಕಿ ಅಳೆದ. ಗೇಣಿಗಿಂತ ಕಮ್ಮಿ ಎಂದು ಅವನು ಸಾರಿದ್ದೇ ತಡ, ಜಗಲಿ ಮೇಲಿದ್ದ ನಮ್ಮ ಮಾವ ಪುಟ್ಟಬಸಪ್ಪನವರು ಎಲೆಯಡಿಕೆ ಉಗಿದು, ಇದು ನಮ್ಮ ರಸ್ತೆಗೆ ಆಗುವ ಗಾಡಿಯಲ್ಲ ಎಂದುಬಿಟ್ಟರು. ಕಾರು ಓಡಿಸಿ ಸವೆದವರ ಹಾಗೆ! ಅವರು ಓಡಿಸಿದ್ದು ಎತ್ತಿನ ಗಾಡಿ ಮಾತ್ರ.

ಕಾರು ತಂದವಳು ಮಂಗಳಗೌರಿ. ನನ್ನ ವಾರಗಿತ್ತಿ, ಮೈದುನ ಶಿವಶಂಕರನ ಹೆಂಡತಿ. ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಕಾಲೇಜಿನಲ್ಲಿ ನೂರು ಮೀಟರ್ ಓಟದಲ್ಲಿ ಅವಳ ಮುಂದೆ ಯಾರೂ ಇರುತ್ತಿರಲಿಲ್ಲವಂತೆ. ನಾನು ನೋಡಿಲ್ಲ, ಆದರೆ ನಂಬುತ್ತೇನೆ. ಹಾಲು ಉಕ್ಕಿದ ವಾಸನೆ ಬಂದರೆ ಹಿತ್ತಲಲ್ಲಿದ್ದವಳು ಅಡುಗೆಮನೆಯಲ್ಲಿದ್ದ ನನಗಿಂತ ಮೊದಲು ಒಲೆ ಮುಂದಿರುತ್ತಾಳೆ. ಶಾಲೆ ಶುರುವಾಗುವ ಮುಂಚೆ ಓಟದ ಹುಡುಗಿಯರಿಗೆ ಅವಳು ಪ್ರಾಕ್ಟೀಸ್ ಮಾಡಿಸಬೇಕು. ಮೊದಲ ಬಸ್ಸೋ, ಮನಸ್ಸು ಬಂದರೆ ಬರುತ್ತಿತ್ತು. ಅವಳು ತಲುಪುವ ಹೊತ್ತಿಗೆ ಆ ಮಕ್ಕಳು ಕಾದು ಕಾದು ಮೈದಾನದ ಮೂಲೆಯಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತಿರುತ್ತಿದ್ದರು. ಅದಕ್ಕೇ ಕಾರು ಬೇಕಾಯಿತು.

ಆದರೆ ಈ ಕಾರೇ ಯಾಕೆ? ಆಗ ಎರಡು ಸಾವಿರದ ಏಳನೇ ಇಸವಿ, ಅದೇ ದುಡ್ಡಿಗೆ ಹೊಸ ಚಿಕ್ಕ ಕಾರೇ ಬರುತ್ತಿತ್ತು. ಇವಳು ಗುಂಡ್ಲುಪೇಟೆಯ ಮೆಕ್ಯಾನಿಕ್ ಹಿದಾಯತ್ ಉಲ್ಲಾ ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ಡಿಕ್ಕಿಯಿರುವ ಉದ್ದನೆಯ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಂದಳು. ಪಟ್ಟಣದ ಹುಡುಗರು ರೇಸಿಗೆ ಬಿಡುವ ಜಾತಿಯದು. ಎಂಜಿನ್ ಚಿನ್ನದಂಥದ್ದು, ಆದರೆ ಹಳ್ಳಿ ರಸ್ತೆಯಲ್ಲಿ ದಿನಾ ಓಡಿಸುತ್ತೀರಾ ಮೇಡಂ, ಯೋಚನೆ ಮಾಡಿ ಎಂದು ಹಿದಾಯತ್ ಅವರೂ ಎಚ್ಚರಿಸಿದ್ದರಂತೆ. ನಾನೂ ಕೇಳಿದೆ. ಅವಳು ಮುದ್ದೆ ಕಟ್ಟುತ್ತಲೇ ಹೇಳಿದಳು.

"ಹೈವೇಲಿ ತರಕಾರಿ ಲಾರಿ ಸಾಲಾಗಿ ಓಯ್ತವೆ ಅಕ್ಕ. ಅವುಗಳ ಪಕ್ಕದಲ್ಲಿ ಒದ್ದಾಡ್ಕಂಡಿರೋ ಕಾರು ಬ್ಯಾಡ ನಂಗೆ. ಕಾಲಿಟ್ರೆ ಒಂದೇ ಏಟ್ಗೆ ಮುಂದಕ್ಕೆ ಓಗ್ಬುಡ್ಬೇಕು."

ಮಾವ ಷರತ್ತು ಹಾಕಿದರು. ರಸ್ತೆಯಲ್ಲಿ ಒಂದೇ ಒಂದು ಸಲ ಕೈಕೊಟ್ಟು ನಿಂತರೂ ಕಾರು ಮಾರಿ ಬಸ್ಸಿಗೆ ಹೋಗಬೇಕು. ಶಿವಶಂಕರ ಅಪ್ಪನಿಗೂ ಹೂಂ ಎಂದ, ಹೆಂಡತಿಗೂ ಹೂಂ ಎಂದ. ಅವನ ಜಾಯಮಾನವೇ ಅಷ್ಟು. ಗೌರಿ ಮಾತ್ರ ಅವರ ಮುಖ ನೋಡಿ ಆಗಲಿ ಮಾವ ಎಂದು ಒಪ್ಪಿಕೊಂಡಳು.

ಮಳೆಗಾಲ ಕಳೆಯಿತು, ಕಾರು ಒಂದು ದಿನವೂ ನಿಲ್ಲಲಿಲ್ಲ. ರಸ್ತೆ ಉಬ್ಬು ಬಂದರೆ ಓರೆಯಾಗಿ ಹತ್ತಿಸಿ ಇಳಿಸುತ್ತಿದ್ದಳು. ಅವಳ ಹುಡುಗಿಯರು ಚಾಮರಾಜನಗರದಲ್ಲಿ ಜಿಲ್ಲೆಗೇ ಮೊದಲು ಬಂದರು. ಮಾವ ಮಾತ್ರ ಆ ಕಾರಿಗೆ ಕಾಲಿಡಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗಲೂ ಬಸ್ಸಿನಲ್ಲಿ ಜೋತಾಡಿಕೊಂಡೇ ಹೋದರು. ಹಟಮಾರಿ ಮುದುಕ ಎಂದು ನಾನು ಒಳಗೊಳಗೇ ಬೈದುಕೊಂಡೆ.

ಹುರುಳಿ ಕೊಯ್ಲು ಬಂತು. ನಮ್ಮ ಕಡೆ ಈಗ ಸಗಣಿ ಸಾರಿಸಿ ಕಣ ಮಾಡುವವರು ಯಾರು? ಟಾರು ರಸ್ತೆಯೇ ಕಣ. ಕಿತ್ತು ತಂದ ಹುರುಳಿಯನ್ನು ರಸ್ತೆಗೆ ಹಾಸಿದರೆ ಬಸ್ಸು ಲಾರಿಗಳು ತುಳಿದು ಕಾಳು ಉದುರಿಸಿ ಹೋಗುತ್ತವೆ. ಬಿಟ್ಟಿ ಒಕ್ಕಣೆ. ಅಂಥ ಕಡೆ ಗೌರಿ ಅಂಚಿಗೆ ಇಳಿಸಿ ಮೆಲ್ಲಗೆ ದಾಟುತ್ತಿದ್ದಳು. ಆ ಬೆಳಿಗ್ಗೆ ನೋಡಿದರೆ ಊರ ಮುಂದೆ ನಮ್ಮ ಮಾವನೇ ಈ ಅಂಚಿಂದ ಆ ಅಂಚಿಗೆ ದಪ್ಪಗೆ ಹಾಸಿ ನಿಂತಿದ್ದಾರೆ. ಅವಳು ಕಾರು ನಿಲ್ಲಿಸಿದಳು. ಅವರು ಹುಲ್ಲು ಕೆದರುವ ಕವೆಗೋಲು ಎತ್ತಿ, ಮೇಲೆಯೇ ಬಿಡು ಬಾರವ್ವ ಎಂದು ಕರೆದರು. ಆ ಕಾರಿನಿಂದ ಅವರು ಕೇಳಿದ ಮೊದಲ ಉಪಕಾರ ಅದು. ಇಲ್ಲವೆಂದು ಹೇಗೆ ಹೇಳುತ್ತಾಳೆ? ಹತ್ತಿಸಿಬಿಟ್ಟಳು.

ಬಸ್ಸಿಗೆ ನಡೆಯುವುದು ಗೇಣೆತ್ತರದ ಕಾರಿಗೆ ನಡೆಯುತ್ತದೆಯೇ? ಒಣಬಳ್ಳಿ ಅಡಿಯಲ್ಲಿ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಹೊಗೆಯಾಡಿತು. ಹೈವೇ ಸೇರುವ ಮುಂಚೆ ವಾಸನೆ ಹಿಡಿದು ಅವಳು ಇಳಿದಾಗ ಆಗಲೇ ಬೆಂಕಿ ಕಾಣುತ್ತಿತ್ತು. ಬೇರೆಯವರಾಗಿದ್ದರೆ ಓಡುತ್ತಿದ್ದರು. ಇವಳು ನೆಲಕ್ಕೆ ಮಲಗಿ ಬರಿಗೈಯಲ್ಲಿ ಬಳ್ಳಿ ಎಳೆದೆಳೆದು ಹಾಕಿ, ಮಣ್ಣು ಎರಚಿದಳು. ಲಾರಿಯವನೊಬ್ಬ ನೀರಿನ ಕ್ಯಾನ್ ತಂದು ಸುರಿದ. ಹಿದಾಯತ್ ಅವರು ಸಂಜೆಯೊಳಗೆ ಕಾರು ತೊಳೆದು ನೋಡಿ, ಏನೂ ಕೆಟ್ಟಿಲ್ಲ, ಕೆಳಗೆ ಮಸಿಯಷ್ಟೆ ಎಂದು ಕೊಟ್ಟರು. ಆದರೆ ಕಾರು ನಿಂತ ಸುದ್ದಿ ಅವಳಿಗಿಂತ ಮುಂಚೆ ಬಸ್ಸು ಹತ್ತಿ ಊರಿಗೆ ಬಂದಿತ್ತು.

ಜಗಲಿಯಲ್ಲಿ ಪಕ್ಕದ ಮನೆಯ ದೊಡ್ಡಮಲ್ಲಪ್ಪ, ಷರತ್ತು ಷರತ್ತೇ, ಗಿರಾಕಿ ನೋಡಲೇ ಎಂದು ಮಾವನನ್ನು ಕೇಳುತ್ತಿದ್ದ. ಬಂದಕೂಡಲೇ ಗೌರಿ ನಡೆದದ್ದನ್ನೆಲ್ಲ ನನಗೊಬ್ಬಳಿಗೆ ಹೇಳಿದ್ದಳು, ನನಗೆ ಮೈಯೆಲ್ಲ ಉರಿಯಿತು. ಹುರುಳಿ ಹಾಸಿದವರು ಯಾರು, ಕರೆದವರು ಯಾರು ಎಂದು ಕೇಳಲು ಬಾಯಿ ತೆರೆದೆ. ಗೌರಿ ನನ್ನ ಸೆರಗು ಜಗ್ಗಿದಳು. ಬ್ಯಾಂಡೇಜಿನ ಕೈಯನ್ನು ಹಿಂದಕ್ಕೆ ಇಟ್ಟುಕೊಂಡು ತಾನೇ ಮಾತಾಡಿದಳು.

"ಮಾತು ಕೊಟ್ಟಿದ್ದೆ ಮಾವ, ನಿಜ. ಆದ್ರೆ ಮಾರಕಿಲ್ಲ. ಬರೋ ವಾರ ನನ್ ಮಕ್ಳು ಮೈಸೂರಲ್ಲಿ ಓಡ್ತವೆ. ನಾಳೆನೂ ಅದ್ರಲ್ಲೇ ಓಯ್ತಿನಿ. ಇಳ್ದು ಇಳ್ದು ಉರ್ಳಿ ಸರಿಸ್ಕಂಡಾದ್ರೂ ಓಯ್ತಿನಿ."

ಕರೆದವರು ಯಾರೆಂದು ದೊಡ್ಡಮಲ್ಲಪ್ಪನ ಮುಂದೆ ಅವಳು ಕೊನೆಗೂ ಬಾಯಿಬಿಡಲಿಲ್ಲ. ಮಾವ ಊಟಕ್ಕೆ ಕೂತವರು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಸುಟ್ಟ ಕೈಯಲ್ಲಿ ಒಬ್ಬಳೇ ಏನು ಸರಿಸುತ್ತಾಳೆ ಎಂದು ಬೆಳಿಗ್ಗೆ ನಾನೂ ಹೊರಟೆ. ಹೊರಗೆ ಬಂದರೆ ಕಾರಿನ ಮುಂದಿನ ಸೀಟಿನಲ್ಲಿ ಮಾವ! ಒಗೆದ ಪಂಚೆ, ಹಣೆ ತುಂಬ ವಿಭೂತಿ. ಸೀಟುಗಳ ನಡುವೆ ಹಿಂದಕ್ಕೆ ಚಾಚಿದ್ದ ಕವೆಗೋಲು ನಾನು ಕೂತಕೂಡಲೇ ನನ್ನ ಸೀರೆಗೆ ಸಿಕ್ಕಿಕೊಂಡಿತು. ಊರ ಮುಂದಿನ ನಮ್ಮ ಹುರುಳಿ ಅಷ್ಟೂ ರಸ್ತೆ ಬಿಟ್ಟು ಹೊಲದ ಬದಿಯಲ್ಲಿತ್ತು. ಅದನ್ನೆಲ್ಲ ಯಾವಾಗ ಎದ್ದು ಎತ್ತಿ ಹಾಕಿದ್ದರೋ. ಮುಂದೆ ದೊಡ್ಡಮಲ್ಲಪ್ಪನ ಹುರುಳಿ ಬಂತು. ಮಾವ ಇಳಿದು ಕಾರಿನಗಲಕ್ಕೆ ದಾರಿ ಬಿಡಿಸತೊಡಗಿದರು. ಅವನು ಓಡಿಬಂದು ರೇಗಿದ.

"ಸುಮ್ಕಿರ್ಲಾ," ಎಂದರು ಮಾವ. "ನಮ್ಮುಡ್ಗಿ ಓಗ್ಬೇಕು."

ದಾರಿಯುದ್ದಕ್ಕೂ ಅದೇ ಕೆಲಸ. ಗೌರಿ ಇಳಿಯಲು ಹೋದರೆ ಕೋಲು ತೋರಿಸಿ ಕೂರಿಸುತ್ತಿದ್ದರು. ಹೈವೇ ಸೇರಿದ ಮೇಲೆ ಅವಳ ಕೈಯನ್ನೇ ನೋಡುತ್ತಾ, ನೆನ್ನೆ ನಾನೇ ಕರೆದೆ ಕಣವ್ವ ಎಂದರು. ಬಿಡಿ ಮಾವ ಎಂದಳು ಅವಳು. ನನಗೆ ಅಳು ತಡೆಯಲಾಗಲಿಲ್ಲ.

ಮುಂದೆ ಈರುಳ್ಳಿ ಲಾರಿಯೊಂದು ತೆವಳುತ್ತಿತ್ತು. ಮುದುಕರು ಕೂತಿದ್ದಾರೆಂದು ಗೌರಿ ಅದರ ಹಿಂದೆಯೇ ಮೆಲ್ಲಗೆ ಹೋಗುತ್ತಿದ್ದಳು. ಮಾವ ಎದುರಿನ ಖಾಲಿ ರಸ್ತೆಯನ್ನು ಬಗ್ಗಿ ನೋಡಿದರು. ಕವೆಗೋಲನ್ನು ಎರಡು ಕೈಯಲ್ಲೂ ಭದ್ರವಾಗಿ ಹಿಡಿದುಕೊಂಡರು.

"ಮಕ್ಳು ಕಾಯ್ತಾ ಅವೆ," ಎಂದರು. "ದಾಟ್ಸು ಗೌರಿ."