ಫೈನಲ್‌ಗೆ ಮುಂಚೆ ಇಟ್ಟ ಪ್ರಸ್ಥಾನ

ಬೇಸ್‌ಬಾಲ್ ಎಂದರೆ ನಮ್ಮವರ ಪ್ರಕಾರ ಕ್ರಿಕೆಟ್ ಬಾರದವರು ಆಡುವ ಆಟ. ಈ ಮಾತನ್ನು ಅವರು ಯಾವಾಗಲೂ ನಾಲ್ಕು ಜನರ ಎದುರಿಗೇ ಹೇಳುತ್ತಾರೆ, ಅದೂ ನಾನು ಕಾಫಿ ತಂದಿಡುವ ಹೊತ್ತಿಗೆ ಸರಿಯಾಗಿ. ಬಂದವರು ನಗುತ್ತಾರೆ. "ಆಂಟಿ, ನೀವು ಬೇಸ್‌ಬಾಲ್ ನೋಡ್ತೀರಾ? ಸೀರಿಯಸ್ಲಿ?" ಎಂದು ಕೇಳುತ್ತಾರೆ. ಹೌದಪ್ಪ, ನೋಡುತ್ತೇನೆ. ಅದರಲ್ಲಿ ನಗುವುದಕ್ಕೆ ಏನಿದೆಯೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಸಾವಿರಾರು ಮೈಲಿ ಆಚೆ ಬೆಂಗಳೂರಿನವರು ಆಡುವ ಕ್ರಿಕೆಟ್ಟಿಗೆ ಇವರು ನಿದ್ದೆಗೆಟ್ಟು ಕೂತರೆ ಅದು ಅಭಿಮಾನ, ನಾನು ಮನೆಯ ಹಿಂದಿನ ಮೈದಾನಕ್ಕೆ ಹೋಗಿ ಕೂತರೆ ಅದು ಹುಚ್ಚು.

ಮೆಲ್ಬರ್ನ್ ಅಂಚಿನ ಈ ಕ್ರಾನ್‌ಬರ್ನ್‌ಗೆ ನಾವು ಬಂದಾಗ ಮಗಳು ಪ್ರೈಮರಿ ಸ್ಕೂಲಿನಲ್ಲಿದ್ದಳು. ಅವಳ ಗೆಳತಿಯರೆಲ್ಲ ಬೇಸ್‌ಬಾಲ್ ಕ್ಲಬ್ಬಿಗೆ ಸೇರಿದರೆಂದು ಅವಳೂ ಸೇರಿದಳು. ಮಕ್ಕಳ ತಾಯಂದಿರೆಲ್ಲ ಸರದಿಯ ಮೇಲೆ ಕ್ಯಾಂಟೀನ್ ನೋಡಿಕೊಳ್ಳಬೇಕಿತ್ತು. ಎರಡು ಬೇಸಿಗೆ ಆಡಿ ಮಗಳು ಭರತನಾಟ್ಯಕ್ಕೆ ಹೋದಳು, ಆಮೇಲೆ ಅದನ್ನೂ ಬಿಟ್ಟಳು. ನನ್ನನ್ನು ಮಾತ್ರ ಕ್ಯಾಂಟೀನಿನಿಂದ ಯಾರೂ ಬಿಡಿಸಲಿಲ್ಲ, ನಾನೂ ಬಿಡಿಸಿ ಎಂದು ಕೇಳಲಿಲ್ಲ. ಸಾಸೇಜು ಬೇಯಿಸುವುದು ನನ್ನ ಕೈಲಾಗದು ಎಂದು ಮೊದಲೇ ಹೇಳಿದ್ದೆ. ಚಹಾ ಮಾಡುತ್ತಿದ್ದೆ, ಒಮ್ಮೊಮ್ಮೆ ಮಸಾಲೆ ವಡೆ. ದೊಡ್ಡವರ ಟೀಮಿನ ಆಟ ಶುರುವಾದ ಮೇಲೆ ಮೂರನೇ ಬೇಸಿನ ಹಿಂದೆ, ಬೇಲಿಗೆ ಒತ್ತಿಕೊಂಡು ನನ್ನ ಮಡಿಸುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಅಲ್ಲಿ ನಾನು ಇಂಥವರ ಹೆಂಡತಿಯೂ ಅಲ್ಲ, ಇಂಥವಳ ಅಮ್ಮನೂ ಅಲ್ಲ.

ಮುಖ್ಯವಾಗಿ ಅಲ್ಲಿ ಕೂಗಬಹುದಿತ್ತು. ಮನೆಯಲ್ಲಿ ನಾನು ಕೂಗಿದವಳಲ್ಲ, ಕೂಗಿದರೂ ಕೇಳುವವರಿಲ್ಲ. ಒಂದು ದಿನ ನಮ್ಮ ಹುಡುಗನೊಬ್ಬ ಚೆಂಡು ಹೊಡೆದು, ಅದು ಎಲ್ಲಿ ಹೋಯಿತೆಂದು ನೋಡುತ್ತಾ ನಿಂತುಬಿಟ್ಟ. "ಓಡೋ! ಓಡೋ ಮಹರಾಯ!" ಎಂದು ಕಿರುಚಿದೆ. ಯಾವ ಭಾಷೆಯೆಂದು ಅವನಿಗೇನು ಗೊತ್ತು, ಆದರೂ ಓಡಿದ. ಅಂದಿನಿಂದ ಯಾರು ಓಡಬೇಕಾದರೂ ಬೆಂಚಿನಲ್ಲಿ ಕೂತವರೆಲ್ಲ "ಓಡೋ!" ಎನ್ನುವುದು ರೂಢಿಯಾಯಿತು. ಕೆಂಪು ಕೂದಲಿನ, ಪ್ಲಂಬಿಂಗ್ ಕೆಲಸ ಮಾಡುವ, ಚೆಂಡು ಎಸೆಯುವ ನಮ್ಮ ಪಿಚರ್ ಅದನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದನೆಂದರೆ ಅವನೇನು ಮಂಡ್ಯದವನೇ ಎನ್ನಿಸಬೇಕು. ಕ್ಲಬ್ಬಿನವರು ನನಗೊಂದು ನೀಲಿ ಟೋಪಿ ಕೊಟ್ಟರು. ಆ ಟೋಪಿಯಿಲ್ಲದೆ ನಾನು ಮೈದಾನಕ್ಕೆ ಕಾಲಿಟ್ಟಿಲ್ಲ.

ಟೀಮು ಮಾತ್ರ ಸೋಲುತ್ತಿತ್ತು. ವರ್ಷವರ್ಷವೂ ಮಾರ್ಚ್ ಬಂತೆಂದರೆ ಸೆಮಿಫೈನಲ್‌ನಲ್ಲಿ ಮಣ್ಣುಮುಕ್ಕಿ ಮನೆಗೆ ಬರುವುದು. ಹೋದ ವರ್ಷ ಹಾಗಾಗಲಿಲ್ಲ. ನಾನು ನೋಡಲು ಶುರುಮಾಡಿದ ಮೇಲೆ ಮೊದಲ ಸಲ ಫೈನಲ್‌ಗೆ ಬಂದರು. ಆ ವಾರವಿಡೀ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಅದೇ ಹೊತ್ತಿಗೆ ಸಿಡ್ನಿಗೆ ಹೊರಡುವುದಿತ್ತು. ಮಗಳು ವೆಸ್ಟ್‌ಮೀಡ್‌ನಲ್ಲಿ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸ್ಟೇಷನ್ ಹತ್ತಿರ ಬಾಡಿಗೆ ಫ್ಲ್ಯಾಟಿನಲ್ಲಿ ಅವಳೂ ಅಳಿಯನೂ ಇದ್ದಾರೆ. ಏಪ್ರಿಲ್ ಮಧ್ಯದಲ್ಲಿ ಹೆರಿಗೆ ಎಂದು ಡಾಕ್ಟರು ಹೇಳಿದ್ದರು. ನಾವಿಬ್ಬರೂ ಮಾರ್ಚ್ ಕೊನೆಗೆ ಮನೆಗೆ ಬೀಗ ಹಾಕಿಕೊಂಡು ಹೋಗುವುದು, ಬಾಣಂತನ ಮುಗಿಸಿ, ಇಲ್ಲಿಯ ಜೂನ್-ಜುಲೈ ಚಳಿಗಾಲ ಕಳೆದ ಮೇಲೆ ಬರುವುದು ಎಂದು ತೀರ್ಮಾನವಾಗಿತ್ತು. ನಮ್ಮವರಿಗೆ ಐಟಿ ಕೆಲಸ, ಅಲ್ಲಿಂದಲೇ ಮಾಡಬಹುದು ಎಂದಿದ್ದರು. ಫೈನಲ್ ಶನಿವಾರ, ನಮ್ಮ ವಿಮಾನ ಭಾನುವಾರ. ಇಷ್ಟು ಚೆನ್ನಾಗಿ ಹೊಂದಿಕೊಂಡಿದ್ದನ್ನು ನೋಡಿ ನಾನು ದೇವರ ಮುಂದೆ ಎರಡು ದೀಪ ಜಾಸ್ತಿ ಹಚ್ಚಿದ್ದೆ.

ಟಿಕೆಟ್ ಬುಕ್ ಮಾಡಿದವರು ನಮ್ಮವರು. ಮಾಡುವಾಗ ಪಂಚಾಂಗ ನೋಡಲಿಲ್ಲ, ಮಾಡಿದ ಮೇಲೆ ನೋಡಿದರು. ಭಾನುವಾರ ಅಮಾವಾಸ್ಯೆ. "ಛೇ, ಅಮಾವಾಸ್ಯೆ ದಿನ ಹೊರಡೋದಾ? ಪ್ರಸ್ಥಾನ ಇಟ್ಬಿಡೋಣ" ಎಂದರು. ಹೊರಡುವ ದಿನ ಒಳ್ಳೆಯದಲ್ಲದಿದ್ದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ದಿನ ನೋಡಿ ನಮ್ಮ ಸಾಮಾನನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದಕ್ಕೆ ನಮ್ಮಲ್ಲಿ ಪ್ರಸ್ಥಾನ ಎನ್ನುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಇಟ್ಟದ್ದನ್ನು ಮತ್ತೆ ಮನೆಯೊಳಗೆ ತರಬಾರದು, ಐದು ದಿನದೊಳಗೆ ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು. ನಮ್ಮ ಅತ್ತೆ ಒಂದು ಗಂಟಿನಲ್ಲಿ ಅಕ್ಕಿ, ಅರಿಶಿನದ ಕೊನೆ, ತೆಂಗಿನಕಾಯಿ ಕಟ್ಟಿ ಇಡುತ್ತಿದ್ದರು. ನಾವು ಗುರುವಾರ ಎರಡು ಸೂಟ್‌ಕೇಸನ್ನೇ ಉರುಳಿಸಿಕೊಂಡು ಹೋದೆವು.

ನಮ್ಮದೇ ಬೀದಿಯಲ್ಲಿ ಹುಬ್ಬಳ್ಳಿಯ ಹುಡುಗಿಯೊಬ್ಬಳಿದ್ದಾಳೆ. ಓದಲು ಬಂದವಳು, ಕಾಯಂ ಇರಲು ಪಿಆರ್ ಸಿಕ್ಕಿ, ಮದುವೆಯಾಗಿ ಇಲ್ಲೇ ಮನೆ ಮಾಡಿದ್ದಾಳೆ. ಅವಳ ಗ್ಯಾರೇಜಿನಲ್ಲಿ ಸೂಟ್‌ಕೇಸ್ ಇಟ್ಟೆವು. "ಇಡ್ರೀ ಆಂಟಿ, ಅದಕ್ಕೇನ್ ಕೇಳ್ತೀರಿ. ನಮ್ಮ ಅಜ್ಜಿನೂ ಹಿಂಗ ಮಾಡ್ತಿದ್ಲು" ಎಂದು ನಕ್ಕಳು. ಸೂಟ್‌ಕೇಸಿನ ಮೇಲೆ ನಾನೇ ಅರಿಶಿನ ಕುಂಕುಮ ಇಟ್ಟೆ.

ಶನಿವಾರ ಬೆಳಗ್ಗೆ ಎದ್ದರೆ ಮಳೆ. ಮೆಲ್ಬರ್ನ್ ಮಳೆಯ ಬುದ್ಧಿ ನನಗೆ ಗೊತ್ತು, ಹತ್ತು ನಿಮಿಷ ಹುಯ್ದು ನಿಲ್ಲುತ್ತದೆ ಎಂದುಕೊಂಡು ಟೋಪಿ ಹಾಕಿಕೊಂಡು ಫ್ಲಾಸ್ಕಿಗೆ ಚಹಾ ತುಂಬಿದೆ. ನಿಲ್ಲಲಿಲ್ಲ. ಮೈದಾನ ಕೆರೆಯಾಗಿದೆ, ಫೈನಲ್ ಮುಂದಿನ ಶನಿವಾರ ಎಂದು ಕ್ಲಬ್ಬಿನಿಂದ ಮೆಸೇಜು ಬಂತು.

"ರೀ, ಫೈನಲ್ ಮುಂದಿನ ವಾರಕ್ಕೆ ಹೋಯ್ತು" ಎಂದೆ.

"ಒಳ್ಳೇದಾಯ್ತು ಬಿಡು. ಇವತ್ತು ಆರಾಮಾಗಿ ಫ್ರಿಜ್ ಕ್ಲೀನ್ ಮಾಡ್ಬೋದು."

"ಟಿಕೆಟ್ ಒಂದು ವಾರ ಮುಂದಕ್ಕೆ ಹಾಕ್ಸೋಣ. ಡೆಲಿವರಿಗೆ ಇನ್ನೂ ಬೇಕಾದಷ್ಟು ದಿನ ಇದೆ."

ಅವರು ಫೋನಿನಿಂದ ತಲೆಯೆತ್ತಿ ನನ್ನನ್ನು ನೋಡಿದರು. "ತಲೆ ನೆಟ್ಟಗಿದೆಯಾ ನಿಂಗೆ? ಆ ಆಟಕ್ಕೋಸ್ಕರ?"

ನಾನು ಬಿಡಲಿಲ್ಲ. ಮಗಳಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. "ಅಮ್ಮ, ನೆಕ್ಸ್ಟ್ ವೀಕ್ ಬಂದ್ರೂ ಟೋಟಲಿ ಫೈನ್. ನಾನಿನ್ನೂ ಕೆಲಸಕ್ಕೆ ಹೋಗ್ತಿದೀನಿ. ನೀನು ಮ್ಯಾಚ್ ನೋಡ್ಕೊಂಡೇ ಬಾ" ಎಂದಳು. ನನಗೆ ಹೋದ ಜೀವ ಬಂದಂತಾಯಿತು.

"ಅವಳಿಗೇನು ಗೊತ್ತು, ಮಗು ಅದು" ಎಂದರು ನಮ್ಮವರು, ಫೋನ್ ಇಟ್ಟ ಮೇಲೆ. "ಪ್ರಸ್ಥಾನ ಇಟ್ಟಾಗಿದೆ ಕಣೆ. ಅದನ್ನ ವಾಪಸ್ ತರೋ ಹಾಗಿಲ್ಲ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?"

ಹೆಚ್ಚುಕಮ್ಮಿ. ಈ ಒಂದು ಮಾತು ಸಾಕು. ತುಂಬು ಬಸುರಿಯಾದ ಮಗಳನ್ನಿಟ್ಟುಕೊಂಡು ಯಾವ ತಾಯಿ ಇದಕ್ಕೆ ಎದುರು ಮಾತಾಡುತ್ತಾಳೆ? ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಕಸ್ಮಾತ್ ಆಗಿಬಿಟ್ಟರೆ? ಆಮೇಲೆ ನಾನು ಸಾಯುವವರೆಗೂ ಎಲ್ಲರೂ ಹೇಳುವುದು ಒಂದೇ: ಇವಳು ಆಟ ನೋಡುವುದಕ್ಕೆ ಪ್ರಸ್ಥಾನ ವಾಪಸ್ ತಂದಳು. ಹೋಗಿ ಫ್ರಿಜ್ ಒರೆಸಿದೆ.

ಸಂಜೆ ಅವರಿಗೆ ಆಫೀಸಿನಿಂದ ಫೋನ್ ಬಂತು. ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಆಮೇಲೆ ಕೊಡೆ ತೆಗೆದುಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಚಕ್ರದ ಸದ್ದು ಕೇಳಿ ಬಾಗಿಲಿಗೆ ಹೋದರೆ, ತಮ್ಮ ಸೂಟ್‌ಕೇಸನ್ನು ಹೊಸ್ತಿಲು ದಾಟಿಸುತ್ತಿದ್ದಾರೆ. ಮೇಲಿನ ಕುಂಕುಮ ಮಳೆಗೆ ಕದಡಿ ಹರಿದಿತ್ತು.

"ಇದೇನ್ರೀ ಇದು?"

"ಆಫೀಸಲ್ಲಿ ಏನೋ ಎಡವಟ್ಟಾಗಿದೆ. ಸೋಮವಾರದಿಂದ ಬರಲೇಬೇಕಂತೆ. ನನ್ನ ಟಿಕೆಟ್ ಮುಂದಿನ ಭಾನುವಾರಕ್ಕೆ ಹಾಕಿಸ್ದೆ. ಬಟ್ಟೆ ಎಲ್ಲ ಇದರಲ್ಲೇ ಇದೆಯಲ್ಲ."

"ಮತ್ತೆ ಪ್ರಸ್ಥಾನ?"

"ನಿಂದು ಅಲ್ಲೇ ಇದೆಯಲ್ಲ" ಎಂದರು, ಬಹಳ ಸಮಾಧಾನವಾಗಿ. "ಬಾಣಂತನಕ್ಕೆ ಹೋಗೋಳು ನೀನು ತಾನೆ. ಒಬ್ಬರದು ಇದ್ದರೆ ಸಾಕು."

ಮೈಯೆಲ್ಲ ಉರಿದುಹೋಯಿತು. ಬೆಳಗ್ಗೆ ನನಗೆ ಶಾಸ್ತ್ರ, ಸಂಜೆ ಅವರಿಗೆ ಆಫೀಸು! ಅವರ ಸೂಟ್‌ಕೇಸು ಒಳಗೆ ಬಂದರೆ ಆಗದ ಹೆಚ್ಚುಕಮ್ಮಿ ನನ್ನದು ಬಂದರೆ ಆಗುತ್ತದೆಯೇ? ಕೇಳಬೇಕಿತ್ತು. ಕೇಳಲಿಲ್ಲ. ಆ ಒಂದು ಮಾತಿನ ಭಯ ಎದೆಯೊಳಗೆ ಕೂತಾಗಿತ್ತು, ಅದಕ್ಕೆ ಯುಕ್ತಿ ನ್ಯಾಯ ಯಾವುದೂ ನಾಟುವುದಿಲ್ಲ. ಭಾನುವಾರ ಬೆಳಗ್ಗೆ ಹುಬ್ಬಳ್ಳಿ ಹುಡುಗಿ ನನ್ನ ಸೂಟ್‌ಕೇಸನ್ನು ಕಾರಿಗೆ ಎತ್ತಿಕೊಟ್ಟಳು. "ಅಂಕಲ್‌ದು ಮನಿಗೆ ಹೋತಲ್ರೀ, ನಿಮ್ದ್ ಯಾಕ ಇಲ್ಲೇ ಉಳೀತು?" ಎಂದು ಕೇಳಿದಳು. ನಾನು ಕಾರಿನ ಬಾಗಿಲು ಎಳೆದುಕೊಂಡೆ. ಟೋಪಿಯನ್ನು ಸಿಟ್ಟಿನಲ್ಲಿ ಬಾಗಿಲ ಹಿಂದಿನ ಮೊಳೆಯಲ್ಲೇ ಬಿಟ್ಟು ಬಂದಿದ್ದೆ.

ಮುಂದಿನ ಶನಿವಾರ ವೆಸ್ಟ್‌ಮೀಡ್‌ನಲ್ಲಿ ನಾನೊಬ್ಬಳೇ ಇದ್ದೆ. ಮಗಳೂ ಅಳಿಯನೂ ತೊಟ್ಟಿಲು ನೋಡಲು ಅಂಗಡಿಗೆ ಹೋಗಿದ್ದರು. ಸುಮ್ಮನೆ ಕೂತರೆ ಮನಸ್ಸು ಮೈದಾನಕ್ಕೆ ಹೋಗುತ್ತದೆಂದು ಬಾಣಂತಿ ಪುಡಿಗೆ ಓಮ, ಮೆಣಸು ಹುರಿಯಲು ನಿಂತೆ. ಆ ಫ್ಲ್ಯಾಟಿನ ಹೊಗೆ ಅಲಾರಮ್ಮಿಗೆ ಒಗ್ಗರಣೆಯೇ ಆಗದು, ಮೆಣಸು ಹುರಿದರೆ ಕೇಳಬೇಕೇ. ಬಡಿದುಕೊಳ್ಳತೊಡಗಿತು. ಸ್ಟೂಲಿನ ಮೇಲೆ ನಿಂತು ಟವೆಲ್ ಬೀಸುತ್ತಿರುವಾಗ ಫೋನಿಗೆ ವಿಡಿಯೊ ಬಂತು. ಕಳಿಸಿದವರು ನಮ್ಮವರು.

ಮೂರನೇ ಬೇಸಿನ ಹಿಂದಿನ ಬೇಲಿ ಕಂಡಿತು. ನನ್ನ ಜಾಗ. ಕೊನೆಯ ಇನ್ನಿಂಗ್ಸು, ಎರಡೂ ಕಡೆ ಸರಿಸಮ, ಮೂರನೇ ಬೇಸಿನಲ್ಲಿ ನಮ್ಮ ಹುಡುಗ ಕಾದು ನಿಂತಿದ್ದಾನೆ. ಹೊಡೆಯಬೇಕಾದವನು ಬ್ಯಾಟು ಬೀಸಲೇ ಇಲ್ಲ. ಚೆಂಡಿಗೆ ಮೆಲ್ಲನೆ ತಾಗಿಸಿ ಕಾಲಬುಡದಲ್ಲೇ ಬೀಳಿಸಿದ. ಎದುರಿನವರು ಅದನ್ನು ಎತ್ತಿಕೊಳ್ಳಲು ಬಗ್ಗುವಷ್ಟರಲ್ಲಿ ಇಡೀ ಮೈದಾನ ಕೂಗಿತು: "ಓಡೋ! ಓಡೋ! ಓಡೋ!" ನಮ್ಮವನು ಮಣ್ಣಿನಲ್ಲಿ ಎದೆಯುಜ್ಜಿಕೊಂಡು ಬಂದು ಹೋಮ್ ಬೇಸಿನ ಮೇಲೆ ಬಿದ್ದ, ಬೇಕಿದ್ದ ಒಂದು ರನ್ನು ಬಂತು. ಗೆದ್ದರು. ನಾನು ಸ್ಟೂಲಿನ ಮೇಲೆ ನಿಂತವಳು ನಿಂತೇ ಇದ್ದೆ, ಅಲಾರಮ್ಮು ಬಡಿದುಕೊಳ್ಳುತ್ತಲೇ ಇತ್ತು. ಅದರ ಹಿಂದೆಯೇ ಒಂದು ಫೋಟೊ. ಹುಡುಗರ ನಡುವೆ ನಮ್ಮವರು ಕಪ್ಪು ಎತ್ತಿಹಿಡಿದಿದ್ದಾರೆ. ತಲೆಯ ಮೇಲೆ ನನ್ನ ಟೋಪಿ.

ಆಮೇಲೆ ಫೋನ್ ಬಂತು. "ಸುಮ್ನೆ ಬಂದೆ ಕಣೆ, ಮನೇಲಿ ಒಬ್ಬನೇ ಬೋರ್ ಆಗ್ತಿತ್ತು. ಕೆಲಸ ಗುರುವಾರನೇ ಮುಗಿದ್ಹೋಯ್ತು. ನಿಂಗೆ ಅಂತಾನೇ ನನ್ನ ಕೈಗೆ ಕಪ್ ಕೊಟ್ರು ನೋಡು. ಖುಷಿ ಆಯ್ತಾ?"

"ಹೂಂ" ಎಂದೆ. ಮಗಳು ಬಂದಾಗ ಕಣ್ಣೇಕೆ ಕೆಂಪಗಿದೆ ಎಂದಳು. ಮೆಣಸಿನ ಘಾಟು ಎಂದೆ.

ಮೊಮ್ಮಗಳು ಡಾಕ್ಟರು ಹೇಳಿದ ದಿನ ದಾಟಿ, ಅಮ್ಮನಿಗೆ ಯಾವ ತೊಂದರೆಯನ್ನೂ ಕೊಡದೆ, ಆರಾಮವಾಗಿ ಹುಟ್ಟಿದಳು. ಅವಳ ಮುಖ ನೋಡಿದ ಮೇಲೆ ಎಲ್ಲ ಮರೆತೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ, ಆದರೆ ಮರೆಯಲಿಲ್ಲ. ಅವಳ ಮೇಲೆ ಪ್ರಾಣ. ಈ ಸಂಗತಿ ಬೇರೆ. ನಾಮಕರಣದ ದಿನ ಬೀಗರ ಕಡೆಯವರಿಗೆಲ್ಲ ನಮ್ಮವರು ಆ ಫೋಟೊ ತೋರಿಸಿದರು. "ಏನ್ ಮ್ಯಾಚು ಅಂತೀರಿ! ಲಾಸ್ಟ್ ಬಾಲ್‌ಗೆ ಸಿಕ್ಸ್ ಹೊಡೆದು ಗೆದ್ರು" ಎಂದರು.

"ಸಿಕ್ಸ್ ಅಲ್ಲ" ಎಂದೆ.

"ಅದೇ, ಏನೋ ಒಂದು. ಇವಳು ಇರಲಿಲ್ಲ ಬಿಡಿ, ಸಿಡ್ನಿಗೆ ಬಂದ್ಬಿಟ್ಟಿದ್ಲು" ಎಂದು ಅವರು ಮುಂದುವರಿಸಿದರು. ಎಲ್ಲರೂ ಅವರನ್ನೇ ಕೇಳುತ್ತಿದ್ದರು.

ಸೆಪ್ಟೆಂಬರ್‌ನಲ್ಲಿ ಮನೆಗೆ ವಾಪಸ್ ಬಂದು ಕ್ಯಾಂಟೀನಿನ ಬಾಗಿಲು ತೆಗೆದರೆ ಗೋಡೆಯ ಮೇಲೆ ಅದೇ ಫೋಟೊ, ಚೌಕಟ್ಟು ಹಾಕಿಸಿದ್ದು. ಬಿಳಿ ಮೀಸೆಯ ಕೋಚು ನನ್ನ ಭುಜ ತಟ್ಟಿ, ನಿನ್ನ ಗಂಡನ ಕಾಲ್ಗುಣ ಒಳ್ಳೆಯದು ಎನ್ನುವ ಅರ್ಥದಲ್ಲಿ ಏನೋ ಇಂಗ್ಲಿಷಿನಲ್ಲಿ ಹೇಳಿ, ಇನ್ನು ಮೇಲೆ ಅವನನ್ನೇ ಕಳಿಸು ಎಂದು ನಕ್ಕ. ತಮಾಷೆಗೆ ಹೇಳಿದ್ದು, ಗೊತ್ತು. ಇಡೀ ಬೇಸಿಗೆ ಆ ಫೋಟೊದ ಕೆಳಗೆ ನಿಂತು ಚಹಾ ಮಾರಿದೆ.

ಈಗ ಮತ್ತೆ ಮಾರ್ಚ್. ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಹೋಗಿ ಚಳಿಗಾಲವೆಲ್ಲ ಅಲ್ಲೇ ಇದ್ದು ಬರುವುದು ಎಂದು ನಮ್ಮವರು ಟಿಕೆಟ್ ಮಾಡಿದರು. ಹೊರಡುವುದು ಮಂಗಳವಾರ, ಅಂದು ಸಿಡ್ನಿ ಇರುವ ಉತ್ತರ ದಿಕ್ಕಿಗೆ ಹೊರಡಬಾರದಂತೆ. "ಪ್ರಸ್ಥಾನ ಇಟ್ಬಿಡೋಣ" ಎಂದರು ಹೋದ ವಾರ. ಆಗಲಿ ಎಂದೆ. ನಾನೇ ಹುಬ್ಬಳ್ಳಿ ಹುಡುಗಿಯ ಮನೆಗೆ ಹೋಗಿ ಸೂಟ್‌ಕೇಸು ಇಟ್ಟು, ಕುಂಕುಮ ಹಚ್ಚಿ ಬಂದೆ.

"ನಿಂದ್ಯಾಕೆ ಇಲ್ಲೇ ಇದೆ?" ಎಂದರು, ನನ್ನ ಸೂಟ್‌ಕೇಸು ಮಂಚದ ಕೆಳಗೇ ಇರುವುದನ್ನು ನೋಡಿ.

"ನಿಮ್ದು ಇಟ್ಟಾಗಿದೆ. ವಾಪಸ್ ತರೋ ಹಾಗಿಲ್ಲ, ನಾಳೆ ಹೆಚ್ಚುಕಮ್ಮಿ ಆದ್ರೆ? ನೀವು ಹೋಗಿರಿ. ಫೈನಲ್ ನೋಡ್ಕೊಂಡು ನಾನು ಹುಟ್ಟುಹಬ್ಬಕ್ಕೆ ಮುಂಚೆ ಬರ್ತೀನಿ."

ಮಂಗಳವಾರ ಒಬ್ಬರೇ ಹೋದರು.

ಈ ವರ್ಷ ನಮ್ಮ ಟೀಮು ಸೆಮಿಫೈನಲ್‌ಗೂ ಬರಲಿಲ್ಲ. ಪ್ಲಂಬರ್ ಹುಡುಗನ ಭುಜ ನೋವು, ಉಳಿದವರು ಅಷ್ಟಕ್ಕಷ್ಟೆ. ಫೆಬ್ರವರಿಯಲ್ಲೇ ಎಲ್ಲ ಮುಗಿದಿದೆ. ನಮ್ಮವರಿಗೆ ಅದು ಗೊತ್ತಿಲ್ಲ, ಯಾಕೆಂದರೆ ಅವರು ಕೇಳಲಿಲ್ಲ. ನಾಳೆ ಶನಿವಾರ. ಟೋಪಿ ಒಗೆದು ಒಣಗಿಸಿದ್ದೇನೆ. ಮೈದಾನ ಖಾಲಿಯಿರುತ್ತದೆ, ಇರಲಿ. ಕುರ್ಚಿ ತೆಗೆದುಕೊಂಡು ಹೋಗಿ ನನ್ನ ಜಾಗದಲ್ಲಿ ಕೂರುತ್ತೇನೆ.