ಪೆಟ್ಟಿಗೆಯೊಳಗಿನ ಪಾಸ್‌ಪೋರ್ಟು

"ಚಿನ್ನದ ಜೆರಾಕ್ಸ್ ಇಟ್ಕಂಡು ಯಾರಾದ್ರೂ ಸಾಲ ಕೊಟ್ಟವ್ರೇನ್ಲಾ?" ಎಂದು ಸುಬ್ರಹ್ಮಣ್ಯ ನನ್ನನ್ನು ಕೇಳಿದ ದಿನವೇ ನಾನು ಅವನಿಗೆ ಬುದ್ಧಿ ಹೇಳುವುದನ್ನು ಬಿಟ್ಟೆ. ಬಿಟ್ಟದ್ದು ತಪ್ಪಾಯಿತು.

ಶ್ರೀರಂಗಪಟ್ಟಣದ ಪೇಟೆಯಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಪಕ್ಕದ ಮಳಿಗೆ ಅವನದು, ಹಿಂದೆಯೇ ಮನೆ. ತಲೆತಲಾಂತರದಿಂದ ಅಕ್ಕಸಾಲಿಗರು. ಜನ ಮೈಸೂರಿಗೆ ಹೋಗಿ ರೆಡಿಮೇಡ್ ಒಡವೆ ತರಲು ಶುರು ಮಾಡಿದ ಮೇಲೆ ಅವನ ಕುಲುಮೆ ತಣ್ಣಗಾಯಿತು. ಆದರೆ ಕೈಕಟ್ಟಿ ಕೂರುವ ಪೈಕಿಯಲ್ಲ ಅವನು. ನಾಲ್ಕು ಹಳೆಯ ಸ್ಕೂಟರ್ ಕೊಂಡು ಬಾಡಿಗೆಗೆ ಬಿಟ್ಟ. ಮೈಸೂರಿಗೆ ಓದಲು ಬರುವ ಹೊರದೇಶದ ಹುಡುಗ ಹುಡುಗಿಯರೇ ಗಿರಾಕಿಗಳು. ಕಸುಬು ಬದಲಾದರೂ ಕಣ್ಣು ಬದಲಾಗಲಿಲ್ಲ. ಸ್ಕೂಟರ್ ವಾಪಸು ಬಂದಾಗ ಒಡವೆ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ನೆಲಕ್ಕೆ ಮಂಡಿಯೂರಿ ಗೀರು ಹುಡುಕುತ್ತಿದ್ದ. ಗಿರಾಕಿಗಳು ನಗುತ್ತಿದ್ದರು.

ನಗುವ ವಿಷಯವಲ್ಲದ್ದು ಇನ್ನೊಂದಿತ್ತು. ಸ್ಕೂಟರ್ ಕೊಡುವಾಗ ಅವನು ಅಸಲು ಪಾಸ್‌ಪೋರ್ಟನ್ನೇ ಒತ್ತೆ ಇಟ್ಟುಕೊಳ್ಳುತ್ತಿದ್ದ. ಹಾಗೆ ಇಟ್ಟುಕೊಳ್ಳಬಾರದು, ಅಪರಾಧವಾಗುತ್ತದೆ, ಬೇಕಾದರೆ ನಾನೇ ಪುಕ್ಕಟೆ ಜೆರಾಕ್ಸ್ ಮಾಡಿಕೊಡುತ್ತೇನೆ ಎಂದಿದ್ದೆ. ಅದಕ್ಕೆ ಬಂದ ಉತ್ತರವೇ ಮೇಲಿನದು. ಒತ್ತೆ ಎಂದರೆ ಅವನ ಲೆಕ್ಕದಲ್ಲಿ ಅಸಲು ವಸ್ತು, ಅದರ ಜಾಗ ಅವರಪ್ಪನ ಕಬ್ಬಿಣದ ಪೆಟ್ಟಿಗೆ. ಸುತ್ತಿಗೆ, ಚಿಮಟ, ಊದುಗೊಳವೆ ಇರುವ ಆ ಪೆಟ್ಟಿಗೆಯಲ್ಲೇ ದೇಶದೇಶಗಳ ಪಾಸ್‌ಪೋರ್ಟು ಮಲಗುತ್ತಿದ್ದವು.

ಆ ಪೆಟ್ಟಿಗೆಗೊಂದು ಕಟ್ಟಳೆ. ಅವರ ಪೈಕಿ ಅಮಾವಾಸ್ಯೆಯ ದಿನ ಕಸುಬಿನ ಸಾಮಾನು ಮುಟ್ಟುವುದಿಲ್ಲ. ಹಿಂದಿನ ಸಂಜೆಯೇ ಬೀಗಕ್ಕೆ ಅರಿಶಿನ ಕುಂಕುಮ ಹಚ್ಚಿ, ಕೀಲಿಯನ್ನು ತೀರಿಕೊಂಡ ಅಪ್ಪನ ಫೋಟೋ ಮುಂದೆ ಇಟ್ಟರೆ, ತೆಗೆಯುವುದು ಅಮಾವಾಸ್ಯೆ ಕಳೆದ ಮಾರನೆಯ ಬೆಳಿಗ್ಗೆಯೇ. ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿದವನಲ್ಲ. ಅದೂ ಮಹಾಲಯ ಅಮಾವಾಸ್ಯೆ ಎಂದರೆ ಕೇಳುವುದೇ ಬೇಡ. ಹಿರಿಯರಿಗೆ ಎಡೆ ಇಡುವ ದಿನ. ಇಡೀ ಊರು ಹೊಳೆಯ ದಂಡೆಯಲ್ಲಿರುತ್ತದೆ, ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಹೋದ ವರ್ಷದ ಆ ದಿನ, ಹನ್ನೊಂದು ಗಂಟೆಗೆ, ನೀಮಾ ಬಂದಳು.

ನೀಮಾ ತಾಂಜಾನಿಯಾದ ಹುಡುಗಿ. ರಾಗಿಯ ಮೇಲೆ ಸಂಶೋಧನೆ. ಎಂಟು ತಿಂಗಳಿಂದ ಸುಬ್ರಹ್ಮಣ್ಯನ ಸ್ಕೂಟರಿನಲ್ಲೇ ಬೂಕನಕೆರೆ, ಸಿಂಧಘಟ್ಟ ಎಂದು ಸುತ್ತಿ, ಹಳೇ ಕಾಲದವರು ರಾಗಿಯನ್ನು ಹೇಗೆ ಕಾಪಿಡುತ್ತಿದ್ದರೆಂದು ಅಜ್ಜಿಯರನ್ನು ಕೇಳಿ ಬರೆದುಕೊಳ್ಳುತ್ತಿದ್ದಳು. ಕನ್ನಡ ಕಲಿತದ್ದೂ ಅವರಿಂದಲೇ. ಇಪ್ಪತ್ತಾರರ ಹುಡುಗಿಯ ಬಾಯಲ್ಲಿ ಎಪ್ಪತ್ತರ ಅಜ್ಜಿಯ ಮಾತು ಬರುತ್ತಿತ್ತು. ಅವತ್ತು ಅವಳ ಮುಖ ನೋಡಿ ನನಗೆ ತಮಾಷೆ ಮಾಡಲು ಬಾಯಿ ಬರಲಿಲ್ಲ.

"ಅಣ್ಣ, ನನ್ನ ಪಾಸ್‌ಪೋರ್ಟ್ ಕೊಟ್ಬುಡಿ. ಊರಿಗೆ ಓಗ್ಬೇಕು," ಎಂದಳು.

ಬೆಳಿಗ್ಗೆ ನಾಗಮಂಗಲದಲ್ಲಿದ್ದಾಗ ಅವಳ ತಮ್ಮನ ಫೋನು ಬಂದಿತ್ತು. ಅಪ್ಪನಿಗೆ ಲಕ್ವ ಹೊಡೆದಿದೆ, ಎರಡು ದಿನ ಉಳಿದರೆ ಹೆಚ್ಚು ಎಂದಿದ್ದಾರೆ ಡಾಕ್ಟರು. ಆ ಸ್ಕೂಟರಿನಲ್ಲೇ ಪಾಂಡವಪುರದ ಮೇಲೆ ಬಂದಿದ್ದಾಳೆ. ರಾತ್ರಿ ಎಂಟರ ವಿಮಾನಕ್ಕೆ ಟಿಕೆಟ್ ಸಿಕ್ಕಿದೆ, ಅದು ತಪ್ಪಿದರೆ ಮುಂದಿನದು ಮೂರು ದಿನಕ್ಕೆ. ಹನ್ನೆರಡೂವರೆಯೊಳಗೆ ಇಲ್ಲಿಂದ ಹೊರಡಬೇಕು. ಕರೆಸಿದ ಕಾರು ಜನಸಂದಣಿಯಲ್ಲಿ ಊರೊಳಗೆ ಬರಲಾಗದೆ ಹೈವೇಯಲ್ಲೇ ನಿಂತಿದೆ.

ಸುಬ್ರಹ್ಮಣ್ಯ ಮಡಿಯಲ್ಲಿದ್ದ. ಒದ್ದೆ ಪಂಚೆ, ಹೆಗಲ ಮೇಲೆ ಟವೆಲ್ಲು. ಎಲ್ಲ ಕೇಳಿಸಿಕೊಂಡ. ಅವನ ಮುಖ ಸುಣ್ಣವಾಯಿತು.

"ನಾಳೆ ಬೆಳಿಗ್ಗೆ ಆರ್ಗಂಟೆಗೆ ಕೊಡ್ತೀನಿ ಕಣವ್ವ. ಇವತ್ತು ಪೆಟ್ಗೆ ತಗ್ಯಾಕಿಲ್ಲ."

ಅವಳು ತನ್ನ ಕನ್ನಡದ್ದೇ ತಪ್ಪೆಂದುಕೊಂಡು ಮತ್ತೊಮ್ಮೆ ನಿಧಾನವಾಗಿ ಹೇಳಿದಳು. ಅವನೂ ಮತ್ತೊಮ್ಮೆ ಅದನ್ನೇ ಹೇಳಿದ. ಆಗ ಅವಳಿಗೆ ಅರ್ಥವಾಯಿತು. ಅಳಲಿಲ್ಲ, ಕೂಗಲಿಲ್ಲ. ಅಂಗಡಿಯ ಜಗಲಿಯ ಮೇಲೆ ಕುಕ್ಕರಿಸಿ ಫೋನಿನಲ್ಲಿ ಗಂಟೆ ನೋಡುತ್ತಾ ಕೂತಳು.

ನನಗೆ ತಡೆಯಲಾಗಲಿಲ್ಲ. ನಾನು ಬೆಳಗೊಳದ ಒಕ್ಕಲಿನವನು, ಕೋಪ ಬಂದರೆ ನನ್ನ ಬಾಯಿಗೆ ಬೀಗವಿಲ್ಲ. "ಅಲ್ಲ ಕಣ್ಲಾ, ಮನ್ಸನಾ ನೀನು? ಅಲ್ಲಿ ಒಂದು ಜೀವ ಓಗ್ತಾ ಐತೆ. ಪೊಲೀಸ್ನೋರ್ನ ಕರೀತೀನಿ ನೋಡು," ಎಂದೆ.

"ಕರಿ ಶಿವ್ಶಂಕ್ರ. ಜೈಲಿಗೆ ಬೇಕಾದ್ರೂ ಓಗ್ತೀನಿ. ಆ ಕೀಲಿ ಮಾತ್ರ ಮುಟ್ಟಾಕಿಲ್ಲ."

"ಬುಡು, ನಾನ್ ತಗೀತೀನಿ."

"ನಮ್ಮಪ್ಪನ ಸಾಮಾನು ಬ್ಯಾರೇರು ಮುಟ್ಟಂಗಿಲ್ಲ," ಎಂದ. ಹಟದಲ್ಲಿ ಹೇಳಲಿಲ್ಲ, ಬೇಡಿಕೊಳ್ಳುವವನ ಹಾಗೆ ಹೇಳಿದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು.

ಹನ್ನೊಂದೂವರೆಯಾಯಿತು. ಒಳಗೆ ಅವನ ಹೆಂಡತಿ ಲಲಿತಮ್ಮ ಬಾಳೆ ಎಲೆ ಹಾಸಿ ಬಡಿಸುತ್ತಿದ್ದರು. ವಡೆ, ಪಾಯಸದ ಜೊತೆಗೆ ಒಂದು ಬಟ್ಟಲು ರಾಗಿ ಗಂಜಿ. ಕೊನೆಗಾಲದಲ್ಲಿ ಹಲ್ಲಿಲ್ಲದ ಮಾವನಿಗೆ ಇಳಿಯುತ್ತಿದ್ದದ್ದು ಅದೊಂದೇ. ಲಲಿತಮ್ಮ ಹೊರಗೆ ಬಂದು ನೀಮಾಗೆ ನೀರು ಕೊಟ್ಟರು. ಗಂಡನನ್ನು ಒಂದು ಸಲ ನೋಡಿ ಒಳಗೆ ಹೋದರು. ಸುಬ್ರಹ್ಮಣ್ಯ ಬಾಗಿಲಿನಿಂದ ಫೋಟೋದವರೆಗೆ ಹೋಗುವುದು, ತಿರುಗಿ ಬರುವುದು. ಮೂರು ಸಲ ಹಾಗೆ ಮಾಡಿದ. ಹನ್ನೊಂದೂ ಮುಕ್ಕಾಲು. ನೀಮಾಳ ಫೋನು ಬಡಿದುಕೊಂಡಿತು, ಕಾರಿನವನು ಇನ್ನು ಕಾಯಲಾಗುವುದಿಲ್ಲ ಎಂದ. ನಾನು ಫೋನು ಕಸಿದುಕೊಂಡು ಅವನಿಗೂ ನಾಲ್ಕು ಮಾತು ಬೈದು ನಿಲ್ಲಿಸಿದೆ.

ಆಗ ಅವಳು ಎದ್ದು ಹೊಸ್ತಿಲ ಬಳಿ ನಿಂತಳು. ಒಳಗಿನ ಎಲೆ ನೋಡಿದಳು, ಫೋಟೋ ನೋಡಿದಳು.

"ಅದು ನಿಮ್ಮಪ್ಪನಾ?"

"ಊಂ."

"ಅವ್ರಿಗೇ ಇಕ್ಕಿರೋದಾ ಊಟ?"

"ಊಂ ಕಣವ್ವ."

"ನಮ್ಮಪ್ಪ ಇನ್ನೂ ಅವ್ರೆ ಕಣಣ್ಣ. ನಾನೋದ್ರೆ ನನ್ನ ಕೈಲಿ ಒಂದ್ ತುತ್ತು ಉಣ್ಬೋದು."

ಸುಬ್ರಹ್ಮಣ್ಯ ಒಳಗೆ ಹೋದ. ಫೋಟೋದ ಮುಂದೆ ಅಡ್ಡಬಿದ್ದ. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಕೈಯಲ್ಲಿ ಕೀಲಿ ಇತ್ತು. ಬೀಗದ ಕುಂಕುಮ ಅವನ ಬೆರಳಿಗೆಲ್ಲ ಹತ್ತಿತು. ಅಪ್ಪನ ಸುತ್ತಿಗೆ ತಾಗದ ಹಾಗೆ ಪಾಸ್‌ಪೋರ್ಟನ್ನು ಎಳೆದು, ಅವಳ ಕೈಗಿಟ್ಟು, "ಗಾಡಿ ಅತ್ತು," ಎಂದ.

ಅವಳು ತಂದ ಸ್ಕೂಟರಿನ ಹಿಂದೆ ಅವಳನ್ನೇ ಕೂರಿಸಿಕೊಂಡು, ಬರಿಮೈಯಲ್ಲಿ, ಬರಿಗಾಲಲ್ಲಿ ಹೊರಟ. ಸಂದಿಗೊಂದಿಯಲ್ಲಿ ನುಗ್ಗಿಸಿ, ಮಡಿಯೆಲ್ಲ ಮೈಲಿಗೆಯಾಗಿ, ಹನ್ನೆರಡು ಇಪ್ಪತ್ತಕ್ಕೆ ಅವಳನ್ನು ಕಾರು ಹತ್ತಿಸಿದನಂತೆ. ವಾಪಸು ಬಂದವನ ಪಂಚೆಯ ಅಂಚು ಹರಿದಿತ್ತು. ಸ್ಕೂಟರಿನ ಪಕ್ಕಕ್ಕೆ ಮೊಳದುದ್ದದ ಗೀರು ಬಿದ್ದಿತ್ತು. ಅವನು ಅದರ ಕಡೆ ನೋಡಲೂ ಇಲ್ಲ.

ಮತ್ತೆ ಸ್ನಾನ ಮಾಡಿ ಎಡೆ ಇಟ್ಟಾಗ ಮೂರು ಗಂಟೆ. ಮಹಡಿಯ ಮೇಲೆ ಎಲೆ ಇಟ್ಟು ಕಾಗೆಗೆ ಕಾದ. ಹಿರಿಯರು ಕಾಗೆಯಾಗಿ ಬಂದು ಮುಟ್ಟಬೇಕು ಎನ್ನುವುದು ನಂಬಿಕೆ. ಊರಿಗೆಲ್ಲ ಬಂದ ಕಾಗೆ ಅವನ ಎಲೆಗೆ ಬರಲಿಲ್ಲ. ಅಷ್ಟು ಹೊತ್ತಿಗೆ ಕಾಗೆಗಳಿಗೆ ಹೊಟ್ಟೆ ತುಂಬಿರುತ್ತದೆ ಎಂದು ನಾನೆಂದೆ. ಅವನ ಕಿವಿಗೆ ಅದು ಬೀಳಲಿಲ್ಲ. ದೀಪ ಹಚ್ಚುವ ಹೊತ್ತಿನವರೆಗೂ ಅಲ್ಲೇ ಕೂತಿದ್ದ.

"ಅಪ್ಪ ಮುನಿಸ್ಕಂಡವ್ರೆ," ಎಂದ ಇಳಿದು ಬಂದು. ಮೂರು ದಿನ ಅಂಗಡಿ ತೆಗೆಯಲಿಲ್ಲ. ಸರಿಯಾಗಿ ಉಣ್ಣುತ್ತಲೂ ಇಲ್ಲ ಎಂದು ಲಲಿತಮ್ಮ ಬಂದು ಹೇಳಿದರು. ಅವಸರ ಮಾಡಿಸಿದವನು ನಾನೇ ಎಂದು ನನಗೂ ಒಳಗೊಳಗೆ ಚುಚ್ಚುತ್ತಿತ್ತು.

ನಾಲ್ಕನೆಯ ದಿನ ನನ್ನ ಫೋನಿಗೆ ನೀಮಾಳಿಂದ ಒಂದು ಫೋಟೋ ಬಂತು, ಜೊತೆಗೆ ಎರಡು ಸಾಲು ಬರಹ. ಆಸ್ಪತ್ರೆಯ ಮಂಚದ ಮೇಲೆ ಒಬ್ಬ ಮುದುಕ, ಪಕ್ಕದಲ್ಲಿ ಚಮಚ ಹಿಡಿದ ಅವಳು. ನಾನು ಓಡಿಹೋಗಿ ಸುಬ್ರಹ್ಮಣ್ಯನ ಕೈಗೆ ಫೋನು ಕೊಟ್ಟೆ. ಅವನು ಎದ್ದು, ಪೆಟ್ಟಿಗೆ ತೆಗೆದು, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಆ ಫೋಟೋವನ್ನು ಮೂಲೆಮೂಲೆ ನೋಡಿದ.

"ಬಟ್ಲಲ್ಲಿ ಏನ್ಲಾ ಅದು, ಕರ್ರಗೆ?"

"ರಾಗಿ ಗಂಜಿಯಂತೆ. ಅವರೂರಲ್ಲೂ ಬೆಳೀತಾರಂತೆ. ಎರಡು ಚಮಚ ಕುಡಿದರಂತೆ."

ಅವನು ಕನ್ನಡಿ ತೆಗೆದ. ಕಣ್ಣು ಒದ್ದೆಯಾಗಿತ್ತು.

"ಲಲ್ತಾ," ಎಂದು ಒಳಗೆ ಕೂಗಿದ, "ನಂಗೂ ಉಣ್ಣಾಕಿಕ್ಕು. ಅಪ್ಪ ಎಡೆ ಮುಟ್ಟವ್ರೆ."