ಸೋಮವಾರ ಉತ್ತ ಹೊಲ

ನನಗೆ ಊರಿಲ್ಲ. ಹಲಸೂರಿನಲ್ಲಿ ಹುಟ್ಟಿದೆ, ಅಲ್ಲೇ ಬೆಳೆದೆ, ನನ್ನ ತಾತ ತೀರಿಕೊಂಡಿದ್ದೂ ಅಲ್ಲೇ. ಇದೊಂದು ಕೊರತೆ ಅಂತ ನಲವತ್ತು ವರ್ಷ ನನಗೆ ಅನ್ನಿಸಿರಲಿಲ್ಲ. ಮಗಳನ್ನು ಬ್ಯಾಡ್ಮಿಂಟನ್ನಿಗೆ ಸೇರಿಸಿದ ಮೇಲೆ ಅನ್ನಿಸತೊಡಗಿತು.

ನಾವು ಇನ್ನೂ ಕಾಕ್ಸ್ ಟೌನ್ ಅಂತಲೇ ಕರೆಯುವ ಸರ್ವಜ್ಞನಗರದಲ್ಲಿ, ಚರ್ಚಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಆ ಕ್ಲಾಸು. ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತು. ಮಕ್ಕಳು ಒಳಗೆ, ಅಪ್ಪಂದಿರು ಹೊರಗೆ ಕಲ್ಲುಬೆಂಚಿನ ಮೇಲೆ. ಎದುರಿನ ಬೇಕರಿಯಿಂದ ಟೀ ಬರುತ್ತದೆ, ಖಾರಾ ಬನ್ ಬರುತ್ತದೆ, ಮಾತು ಶುರುವಾಗುತ್ತದೆ. ಕಾಯಂ ಕೂರುವವರು ಮೂವರು. ಒಬ್ಬರು ಗದಗಿನ ಕಡೆಯವರು, ಮಹದೇವಪುರದ ಯಾವುದೋ ಟೆಕ್ ಪಾರ್ಕಿನಲ್ಲಿ ಮ್ಯಾನೇಜರು. ಇನ್ನೊಬ್ಬರು ಮಹದೇವಪುರದ ಮೂಲದವರೇ. ಈಗ ಆ ಟೆಕ್ ಪಾರ್ಕಿನ ಕಾರುಗಳು ನಿಲ್ಲುವ ಜಾಗದಲ್ಲಿ ಅವರಪ್ಪ ರಾಗಿ ಬೆಳೆದಿದ್ದರಂತೆ. ಮೂರನೆಯವನು ನಾನು, ಇಂದಿರಾನಗರದ ಕನ್ನಡಕದ ಅಂಗಡಿಯಲ್ಲಿ ಕೆಲಸ.

ಅವರಿಬ್ಬರೂ ಸೇರಿದರೆ ಬರೀ ಹೊಲದ್ದೇ ಮಾತು. ಗದಗಿನವರು ಫೋನಿನಲ್ಲಿ ಅವರಣ್ಣ ಕಳಿಸಿದ ವಿಡಿಯೋ ತೋರಿಸುವರು. ಕೆಂಪು ರೋಟವೇಟರ್ ಟ್ರ್ಯಾಕ್ಟರಿನ ಹಿಂದೆ ಕಪ್ಪು ಮಣ್ಣನ್ನು ಪುಡಿಪುಡಿ ಮಾಡುತ್ತ ಹೋಗುತ್ತಿರುತ್ತದೆ.

"ಅಣ್ಣ ತಗೊಂಡಾನ್ರೀ, ಖರೆ. ಆದ್ರ ಎತ್ತು ಕಟ್ಟಿ ಕುಂಟಿ ಹೊಡದಂಗ ಆಗಂಗಿಲ್ಲ ಬಿಡ್ರಿ."

"ನಮ್ ಮನೇಲಿ ಕೂರಿಗೆ ಇನ್ನೂ ಹಂಗೇ ಇದೆ ಗುರು. ಮೂರನೇ ಫ್ಲೋರ್ ಮೇಲೆ, ನೀರಿನ ಟ್ಯಾಂಕ್ ಪಕ್ಕ. ಹನ್ನೆರಡು ತಾಳಿಂದು."

"ಹನ್ನೆರಡು? ಅದು ಕೂರಿಗಿ ಏನ್ರೀ, ಬಾಚಣಿಗಿ! ನಮ್ಮಲ್ಲಿ ನಾಕಽ ತಾಳು."

"ನಿಮ್ ನಾಲ್ಕು ತಾಳಲ್ಲಿ ನಮ್ ರಾಗಿ ಬಿತ್ತಕ್ಕೆ ಹೊರಟಿದ್ರೆ ಯುಗಾದಿ ಬಂದ್ಬಿಡ್ತಿತ್ತು."

ಕೂರಿಗೆ ಅಂದರೆ ಬೀಜ ಬಿತ್ತುವ ಮರದ ಸಲಕರಣೆ. ಮೇಲಿನ ಬಟ್ಟಲಿಗೆ ಬೀಜ ಬಿಡುತ್ತ ಹೋದರೆ ಬಿದಿರಿನ ಕೊಳವೆಗಳಲ್ಲಿಳಿದು ಸಾಲುಸಾಲಾಗಿ ನೆಲ ಸೇರುತ್ತದೆ. ಎಷ್ಟು ಕಾಲಿದ್ದರೆ ಅಷ್ಟು ಸಾಲು, ಆ ಕಾಲಿಗೇ ತಾಳು ಅನ್ನುತ್ತಾರೆ. ಇದೆಲ್ಲ ನನಗೆ ಆ ಬೆಂಚಿನ ಮೇಲೆ ಕೂತೇ ಗೊತ್ತಾದದ್ದು. ಅವರು ಬಾಚಣಿಗೆ, ಯುಗಾದಿ ಅಂತ ಕಾಲೆಳೆದುಕೊಂಡು ನಗುವಾಗ ನಾನೂ ನಗುತ್ತಿದ್ದೆ, ಆದರೆ ಒಂದು ಗಳಿಗೆ ತಡವಾಗಿ.

"ನಿಮ್ದು ಯಾವೂರು?" ಅಂತ ಮೊದಲ ದಿನವೇ ಗದಗಿನವರು ಕೇಳಿದ್ದರು.

"ಹಲಸೂರು."

"ಅಲ್ರೀ, ಮೂಲ?"

"ಹಲಸೂರೇ."

"ಓ," ಅಂದರು ಮಹದೇವಪುರದವರು, ಯಾರದೋ ಮನೆಯಲ್ಲಿ ಸಾವಾಗಿದೆ ಅಂತ ಕೇಳಿದವರ ಹಾಗೆ.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಎಂಟು ಗಂಟೆಗೆ ಮಕ್ಕಳಿಗೆ ನೀರು ಕುಡಿಯಲು ಬಿಡುತ್ತಾರೆ. ಒಂಬತ್ತು ವರ್ಷದ ನನ್ನ ಮಗಳು ಓಡಿ ಬಂದು ನನ್ನ ಕೈಯಿಂದ ಬಾಟಲಿ ಕಸಿದುಕೊಂಡು, ಸೀದಾ ಹೋಗಿ ಗದಗಿನವರ ಪಕ್ಕ ಕೂರುತ್ತಿದ್ದಳು. ಆಮೇಲೆ ಕತೆ. ಅವರ ಮನೆಯಲ್ಲಿ ಒಂದು ಬಿಳಿ ಎತ್ತಿತ್ತಂತೆ. ಹಳ್ಳ ದಾಟುವಾಗ ನಡುನೀರಿನಲ್ಲಿ ನಿಂತುಬಿಡುತ್ತಿತ್ತಂತೆ. ಅವರವ್ವ ಸೀರೆ ಎತ್ತಿಕಟ್ಟಿಕೊಂಡು ನೀರಿಗಿಳಿದು, ಅದರ ಕಿವಿಯಲ್ಲಿ ಏನೋ ಹೇಳಿದರೆ ಮಾತ್ರ ಹೆಜ್ಜೆ ಕೀಳುತ್ತಿತ್ತಂತೆ.

"ಏನು ಹೇಳ್ತಿದ್ರು ಅಂಕಲ್?"

"ಅವ್ವ ಯಾರಿಗೂ ಹೇಳ್ಲೇ ಇಲ್ಲವ್ವಾ."

ವಾರವೆಲ್ಲ ಮನೆಯಲ್ಲಿ ಅದೇ. ಹೋಮ್‌ವರ್ಕ್ ಪುಸ್ತಕದ ಅಂಚಿನಲ್ಲಿ ಎತ್ತು, ಹಳ್ಳ, ಸೀರೆ ಎತ್ತಿಕಟ್ಟಿದ ಹೆಂಗಸು. ಊಟಕ್ಕೆ ಕೂತಾಗ "ಕಿವಿಯಲ್ಲಿ ಏನು ಹೇಳಿರಬಹುದು ಅಪ್ಪಾ?" ನನಗೇನು ಗೊತ್ತು? ಹೊಟ್ಟೆ ಉರಿದುಹೋಗುತ್ತಿತ್ತು. ಆ ಮನುಷ್ಯ ಒಳ್ಳೆಯವರು, ಅದೇ ಇನ್ನೂ ಕಷ್ಟ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನನ್ನ ಮಗಳು ನನ್ನ ಬಾಲ್ಯದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದ್ದಳು: "ನಿಂಗೆ ಎತ್ತು ಇರ್ಲಿಲ್ವಾ?"

ಹಾಗಾಗಿ ಒಂದು ಭಾನುವಾರ ನಾನೂ ಎತ್ತು ಕಟ್ಟಿದೆ.

ಮಾತು ಉತ್ತ ಮಣ್ಣನ್ನು ಹರಗುವ ಕುಂಟೆಯ ಮೇಲೆ ಬಂದಿತ್ತು, ಮಗಳು ನೀರು ಕುಡಿಯಲು ಬಂದಿದ್ದಳು. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಮಾಲೂರಿನ ಹತ್ತಿರ ನಮ್ಮಮ್ಮನ ಸೋದರಮಾವನ ಹೊಲ. ಬೇಸಿಗೆ ರಜೆಯಲ್ಲಿ ಭಾನುವಾರ ಸಂಜೆಯ ಬಸ್ಸಿಗೆ ಹೋಗಿಬಿಡುತ್ತಿದ್ದೆ. ಸೋಮವಾರ ನಸುಕಿನಲ್ಲೇ ಆ ತಾತ ಎತ್ತು ಕಟ್ಟುವರು. ಕುಂಟೆ ನೆಲಕ್ಕೆ ಚೆನ್ನಾಗಿ ಕೂರಲಿ ಅಂತ ನನ್ನನ್ನು ಅದರ ಮೇಲೆ ಭಾರಕ್ಕೆ ಕೂರಿಸುವರು. ಎತ್ತಿನ ಬಾಲ ಮುಖಕ್ಕೆ ಪಟಪಟ ಬಡಿಯುತ್ತಿತ್ತು. ಬಾಯಿತುಂಬ ಮಣ್ಣು.

ಅಂಥ ಸೋದರಮಾವನೂ ಇರಲಿಲ್ಲ, ಮಾಲೂರೂ ಇರಲಿಲ್ಲ. ಆದರೆ ಎಷ್ಟು ಚೆನ್ನಾಗಿ ಬುರುಡೆ ಬಿಟ್ಟೆ ಅಂದರೆ ಬಾಯಲ್ಲಿ ಮಣ್ಣಿನ ರುಚಿ ನನಗೇ ಬಂದ ಹಾಗಾಯಿತು. ಮಗಳು ಬಾಟಲಿಯ ಮುಚ್ಚಳ ಹಾಕುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದಳು. ಆ ನೋಟಕ್ಕಾಗಿ ಇನ್ನೂ ನಾಲ್ಕು ಎತ್ತು ಕಟ್ಟಲು ನಾನು ತಯಾರಿದ್ದೆ.

ಮಹದೇವಪುರದವರು ಟೀ ಲೋಟ ಕೆಳಗಿಟ್ಟರು. "ಸೋಮ್ವಾರನಾ?"

"ಹೂಂ, ಸೋಮವಾರ ಬೆಳಿಗ್ಗೆ," ಅಂದೆ ಧೈರ್ಯವಾಗಿ.

ಗದಗಿನವರು ಬೇಕರಿಯ ಕಡೆ ನೋಡಿದರು. ಮಾತಾಡಿದ್ದು ನನ್ನ ಮಗಳು.

"ಅಪ್ಪಾ, ಸೋಮವಾರ ಎತ್ತಿಗೆ ರಜ ಅಲ್ವಾ? ಬಸವಣ್ಣನ ವಾರ, ನೊಗ ಇಡಲ್ಲ ಅಂತ ಅಂಕಲ್ ಅವತ್ತೇ ಹೇಳಿದ್ರಲ್ಲ."

ಎತ್ತು ಸಾಕಿದ ಮನೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ. ಸುಳ್ಳು ನಿಜದ ಹಾಗೆ ಕಾಣಲಿ ಅಂತ ನಾನೇ ವಾರ ಸೇರಿಸಿ ಹೇಳಿದ್ದೆ. ಏನೂ ಸೇರಿಸದೆ "ಬೆಳಿಗ್ಗೆ" ಅಂದಿದ್ದರೆ ಬಚಾವಾಗುತ್ತಿದ್ದೆ.

"ಹೊಲದ ಕೆಲಸ ತೀರಾ ಅರ್ಜೆಂಟ್ ಇದ್ರ ಒಬ್ಬೊಬ್ರು ಕಟ್ತಾರವ್ವಾ," ಅಂದರು ಗದಗಿನವರು ನನ್ನ ಮುಖ ನೋಡದೆ. ಅವರು ನಕ್ಕಿದ್ದರೆ ವಾಸಿಯಿತ್ತು. ನನ್ನ ಮಾನ ಉಳಿಸಲು ಅವರು ಸುಳ್ಳು ಹೇಳಬೇಕಾಯಿತಲ್ಲ, ಅದಕ್ಕೆ ಮೈ ಪರಚಿಕೊಳ್ಳುವ ಹಾಗಾಯಿತು.

ಮನೆಗೆ ಹೋಗುವಾಗ ಸ್ಕೂಟರಿನ ಹಿಂದಿನಿಂದ ಮಗಳು ಕೇಳಿದಳು: "ಅಪ್ಪಾ, ಆ ಎತ್ತಿನ ಹೆಸರೇನಿತ್ತು?"

"ಬಾಯಿ ಮುಚ್ಕೊಂಡು ಕೂತ್ಕೋ," ಅಂದೆ. ಹಲಸೂರು ಕೆರೆ ಬರುವಷ್ಟರಲ್ಲಿ ಅವಳು ನನ್ನ ಸೊಂಟ ಹಿಡಿದಿದ್ದ ಕೈ ತೆಗೆದಿದ್ದಳು.

ಕುಂಟೆಯ ಮೇಲೆ ಮಕ್ಕಳನ್ನು ಕೂರಿಸುವ ಸಂಗತಿ ನನಗೆ ಎಲ್ಲಿಂದ ಗೊತ್ತಿತ್ತು ಅಂತ ಆ ರಾತ್ರಿ ಯೋಚಿಸಿದೆ. ಅದನ್ನು ಕೇಳಿದ್ದೂ ಒಂದು ಬೆಂಚಿನಿಂದಲೇ. ಶಿವಾಜಿನಗರದಲ್ಲಿ ನಮ್ಮಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ಹೊಸಕೋಟೆ, ಮಾಲೂರು ಕಡೆಯ ರೈತರು ಸುಟ್ಟುಹೋದ ಪಂಪ್ ಮೋಟಾರನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕಿಕೊಂಡು ಬರುವರು. ಕೆಲಸ ಮುಗಿಯುವವರೆಗೆ ಅಂಗಡಿಯ ಮರದ ಬೆಂಚಿನ ಮೇಲೆ ಕೂರುವರು. ಅಲ್ಲಿ ಮಳೆ, ಬೋರ್‌ವೆಲ್, ಕುಂಟೆ, ಮಕ್ಕಳ ತುಂಟಾಟ, ಬೀಗರ ಬಿಗುಮಾನ ಎಲ್ಲ ಬರುತ್ತಿತ್ತು. ಅಪ್ಪನಿಗೆ ಅವರ ಜೊತೆ ಅದೆಷ್ಟು ಮಾತು! ಯಾರ ಹೊಲದಲ್ಲಿ ಎಷ್ಟು ಅಡಿಗೆ ನೀರು, ಯಾರ ಮಗಳಿಗೆ ಎಷ್ಟನೇ ತಿಂಗಳು, ಎಲ್ಲ ಬೇಕು. ಸ್ಕೂಲು ಬಿಟ್ಟು ಬಂದ ನಾನು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಏನಾದರೂ ಹೇಳಹೊರಟರೆ ಮಾತ್ರ, ಸುತ್ತುತ್ತಿದ್ದ ತಂತಿಯಿಂದ ಕಣ್ಣೆತ್ತದೆ ಒಂದೇ ಮಾತು: "ಸುಮ್ನಿರು, ಎಣಿಸ್ತಿದ್ದೀನಿ."

ಆ ರೈತರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವರ ಮೋಟಾರುಗಳು ಮತ್ತೆ ಸುಡದಿರಲಿ, ಅವರು ಮತ್ತೆ ಬರದಿರಲಿ ಅಂತ ಗಣೇಶನ ಗುಡಿಯಲ್ಲಿ ಬೇಡಿಕೊಂಡಿದ್ದೇನೆ. ಅಂದಮೇಲೆ ಬೆಂಚಿನ ಮೇಲೆ ಕೂತವರ ಮೇಲೆ ಹೊಟ್ಟೆಕಿಚ್ಚುಪಡುವುದು ನನಗೆ ಹಳೆಯ ಅಭ್ಯಾಸವೇ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ಮುಂದಿನ ಭಾನುವಾರ ಬೆಂಚಿಗೆ ಹೋಗುವ ಮನಸ್ಸಿರಲಿಲ್ಲ. ಬೇಕರಿಯ ಮುಂದೆಯೇ ನಿಂತು ಪೇಪರ್ ಓದುವವನ ಹಾಗೆ ನಟಿಸಿದೆ. ಆದರೆ ಗದಗಿನವರ ದನಿ ರಸ್ತೆ ದಾಟಿ ಬರುತ್ತಿತ್ತು. ಊರಿನ ಅಣ್ಣನ ಜೊತೆ ಫೋನಿನಲ್ಲಿ ಜಗಳ. ಬಾವಿಯ ಮೋಟಾರು ಮತ್ತೆ ಸುಟ್ಟಿದೆ, ಈ ಸಲದ್ದು ಮೂರನೆಯದು, ವೈಂಡಿಂಗ್ ಮಾಡಿದವನು ಕಳ್ಳ, ಅವನನ್ನು ಬಿಡುವುದಿಲ್ಲ.

ಪೇಪರ್ ಮಡಚಿದೆ. ಕಾಲು ತಾನಾಗಿ ರಸ್ತೆ ದಾಟಿತು.

"ಕಾಯಿಲ್ ಪೂರ್ತಿ ಕಪ್ಪಾಗಿದ್ಯಾ, ಇಲ್ಲ ಮಧ್ಯ ಮಧ್ಯ ಬಿಟ್ಟು ಕಪ್ಪಾಗಿದ್ಯಾ, ಕೇಳಿ," ಅಂದೆ.

ಅವರು ಕೇಳಿದರು. ಅಣ್ಣ ಹೋಗಿ ನೋಡಿ ಬಂದು ಹೇಳಿದರು: ಮಧ್ಯ ಮಧ್ಯ ಚೆನ್ನಾಗಿಯೇ ಇದೆ.

"ಹಂಗಾದ್ರೆ ವೈಂಡಿಂಗ್ ಮಾಡಿದವನ ತಪ್ಪಲ್ಲ. ಕರೆಂಟಲ್ಲಿ ಮೂರರಲ್ಲಿ ಒಂದು ಫೇಸ್ ಹೋಗಿದ್ದಾಗ ಮೋಟಾರ್ ಓಡಿದೆ. ಆಗ ಅದನ್ನ ನಿಲ್ಲಿಸಬೇಕಿದ್ದ ಸ್ಟಾರ್ಟರ್ ಕೈಕೊಟ್ಟಿದೆ, ಮೊದಲು ಅದನ್ನ ನೋಡ್ಸಿ. ಇಲ್ಲಾಂದ್ರೆ ನಾಲ್ಕನೇ ಸಲಾನೂ ಸುಡತ್ತೆ."

ಫೋನಿಟ್ಟ ಮೇಲೆ ಇಬ್ಬರೂ ನನ್ನನ್ನೇ ನೋಡಿದರು. ಅಷ್ಟರಲ್ಲಿ ನೀರಿನ ಹೊತ್ತಾಗಿತ್ತು. ಮಗಳು ಬಂದು ಎಂದಿನಂತೆ ಗದಗಿನವರ ಪಕ್ಕ ಕೂತಳು.

"ಇದೆಲ್ಲ ನಿಮಗ ಹೆಂಗ ಗೊತ್ರೀ?"

ಹೇಳಿದೆ. ಶಿವಾಜಿನಗರದ ಅಂಗಡಿ, ಗೋಣಿಚೀಲ, ವಾರ್ನಿಷ್ ವಾಸನೆ, "ಸುಮ್ನಿರು, ಎಣಿಸ್ತಿದ್ದೀನಿ". ಇದರಲ್ಲಿ ಎತ್ತಿರಲಿಲ್ಲ, ಹಳ್ಳವಿರಲಿಲ್ಲ. ಮಗಳು ಎದ್ದುಹೋಗುತ್ತಾಳೇನೋ ಅಂತ ಓರೆಗಣ್ಣಲ್ಲಿ ನೋಡುತ್ತಲೇ ಹೇಳಿದೆ.

ಅಪ್ಪ ತಂತಿಯನ್ನು ಮರದ ಅಚ್ಚಿಗೆ ಹಿಡಿಕೆ ತಿರುವಿ ಸುತ್ತುತ್ತಿದ್ದರು. ಒಂದು ಸುತ್ತು ಹೆಚ್ಚುಕಡಿಮೆಯಾದರೂ ಅವರು ಒಪ್ಪುತ್ತಿರಲಿಲ್ಲ. ಲೆಕ್ಕ ತಪ್ಪಿದರೆ ಪೂರ್ತಿ ಬಿಚ್ಚಿ ಮೊದಲಿಂದ ಸುತ್ತುವರು. ಆ ಕಡೆ ಅವರು ಮನಸ್ಸಿನಲ್ಲಿ ಎಣಿಸಿದರೆ, ಈ ಕಡೆ ಸ್ಟೂಲಿನ ಮೇಲೆ ಕೂತು ನಾನೂ ಎಣಿಸುತ್ತಿದ್ದೆ. ಮಾತೆಲ್ಲ ಬೆಂಚಿನವರಿಗೆ ಹೋಯಿತು, ಎಣಿಕೆಯಾದರೂ ನನ್ನದಾಗಿರಲಿ ಅಂತ. ಇದು ಅಪ್ಪನಿಗೆ ಗೊತ್ತಿರಲಿಲ್ಲ.

ಒಂದು ದಿನ ಹೊಸಕೋಟೆಯ ಮುದುಕರೊಬ್ಬರು ಮೊಮ್ಮಗಳ ಮದುವೆ ಗೊತ್ತಾಯಿತು ಅಂತ ಇದ್ದಕ್ಕಿದ್ದ ಹಾಗೆ ಹೇಳಿದರು. ಅಪ್ಪ ಖುಷಿಯಲ್ಲಿ "ಹೌದಾ!" ಅಂದುಬಿಟ್ಟರು. ಕೈ ನಿಂತಿತು. ಹಿಡಿಕೆ ಹಿಡಿದುಕೊಂಡೇ ಅಚ್ಚಿನ ಮೇಲಿನ ತಂತಿ ನೋಡಿದರು, ಸೂರು ನೋಡಿದರು, ಆಮೇಲೆ ಯಾಕೋ ನನ್ನ ಕಡೆ ನೋಡಿದರು.

"ಮೂವತ್ತೇಳು," ಅಂದೆ.

"ಆಮೇಲೆ?" ಅಂದಳು ಮಗಳು.

"ಆಮೇಲೇನು, ಮೂವತ್ತೆಂಟು ಅಂತ ತಿರುಗಿಸಿದ್ರು."

"ಬಿಚ್ಚಿ ಮತ್ತ ಎಣಿಸ್ಲಿಲ್ಲೇನ್ರೀ?" ಗದಗಿನವರು ಕೇಳಿದರು.

"ಇಲ್ಲ."

"ನೀವು ಹೇಳಿದ್ದನ್ನಽ ನಂಬಿಬಿಟ್ರು?"

"ನಂಬಿದ್ರು. ನನ್ನನ್ನ ಏನೂ ಕೇಳ್ಲಿಲ್ಲ."

ಗದಗಿನವರು ಲೋಟದ ತಳದ ಟೀಯನ್ನು ಸುಮ್ಮನೆ ಅಲ್ಲಾಡಿಸಿದರು. "ನಮ್ಮಪ್ಪ ಒಮ್ಮೆನೂ ಕೂರಿಗಿ ನನ್ನ ಕೈಯಾಗ ಕೊಡ್ಲಿಲ್ಲ ನೋಡ್ರಿ. ಸಾಲು ಸೊಟ್ಟ ಆದ್ರ ಸುಗ್ಗಿ ತನಕ ಊರೆಲ್ಲ ನೋಡ್ತೈತಿ ಅಂತಿದ್ದ. ಬಿತ್ತುವಾಗೆಲ್ಲ ಬದುವಿನ ಮ್ಯಾಲೆ ಕುಂದ್ರಿಸ್ತಿದ್ದ. ಅಣ್ಣಗ ಕೊಟ್ಟ, ನನಗ ಕೊಡ್ಲಿಲ್ಲ." ಲೋಟ ಬೆಂಚಿನ ಮೇಲಿಟ್ಟು ಅಂದರು, "ನೀವು ಪುಣ್ಯ ಮಾಡೀರಿ ಬಿಡ್ರಿ."

ಅವರ ದನಿಯಲ್ಲಿದ್ದದ್ದು ಏನು ಅಂತ ನನಗೆ ತಕ್ಷಣ ತಿಳಿಯಿತು. ನನ್ನಷ್ಟು ಚೆನ್ನಾಗಿ ಅದನ್ನು ಬಲ್ಲವರು ಯಾರು? ಪಾಪ ಅನ್ನಿಸಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಾಯಿತು. ಇಷ್ಟು ತಿಂಗಳ ಮೇಲೆ ಆ ಬೆಂಚಿನ ಮೇಲೆ ಸರಿಯಾಗಿ ಬೆನ್ನಾನಿಸಿ ಕೂತೆ.

ಒಳಗೆ ಸೀಟಿ ಊದಿತು. ಮಗಳು ಬಾಟಲಿ ನನ್ನ ತೊಡೆಯ ಮೇಲೆ ಹಾಕಿ ಬಾಗಿಲವರೆಗೆ ಓಡಿದವಳು ಅಲ್ಲಿಂದಲೇ ತಿರುಗಿ ಕೂಗಿದಳು.

"ಅಪ್ಪಾ, ಈಗ ನೂರು ಸ್ಕಿಪ್ಪಿಂಗ್. ನಂಗೆ ಯಾವಾಗ್ಲೂ ಮಧ್ಯದಲ್ಲಿ ಮರ್ತೋಗತ್ತೆ. ನೀನು ಎಣಿಸು."

ಎದ್ದು ಹೋಗಿ ಶೆಡ್ಡಿನ ಕಿಟಕಿಯ ಕಂಬಿ ಹಿಡಿದು ನಿಂತೆ. ಹಗ್ಗ ನೆಲಕ್ಕೆ ಬಡಿಯುವ ಸದ್ದು ಶುರುವಾಯಿತು. ಇಪ್ಪತ್ತಾಯಿತು, ಮೂವತ್ತಾಯಿತು. ಗದಗಿನವರು ಹಿಂದಿನಿಂದ ಬಂದು ನಿಂತಿದ್ದು ಗೊತ್ತಾಯಿತು.

"ಅಲ್ರೀ, ಆ ಸ್ಟಾರ್ಟರ್ ಅಂದ್ರಲ್ಲ, ಅದನ್ನ ಯಾರಿಗೆ..."

"ಸುಮ್ನಿರಿ," ಅಂದೆ ಕಣ್ಣು ಕೀಳದೆ. "ಎಣಿಸ್ತಿದ್ದೀನಿ."